ಓಡದವ್ರಿಗೂ ಜಾಗ ಇರ್ಲಿ

ವಾರಕ್ಕೊಮ್ಮೆ ಪಾರ್ಕಿನ್ಯಾಗ ಪುಕ್ಕಟೆ ಓಟ ನಮ್ಮ ಹುಬ್ಬಳ್ಳಿ-ಧಾರವಾಡದಾಗೂ ಶುರು ಆಗ್ಬೇಕು ಅಂತ ಬರದೀರಿ, ಖರೇನ ಆಗ್ಬೇಕು. ಆದ್ರ ಟೀ-ಶರ್ಟು, ಪದಕ ಕೊಟ್ರ ಮಂದಿ ಬರ್ತಾರ ಅಂದೀರಲ್ಲ, ಅದಕ್ಕ ನನ್ನ ತಕರಾರು ಐತಿ. ಪದಕ ಅಂದ್ರ ಸ್ಪಾನ್ಸರ್ ಬೇಕು, ಸ್ಪಾನ್ಸರ್ ಬಂದ್ರ ಸ್ಟೇಜು, ಸ್ಟೇಜ್ ಹಾಕಿದ್ರ ಭಾಷಣ. ಮುಂಜಾನೆ ಏಳಕ್ಕ ಮುಗೀಬೇಕಾದ್ದು ಒಂಬತ್ತಾದ್ರೂ ಶುರು ಆಗಂಗಿಲ್ಲ!

ಇದರ ಮೂಲ ಪಾರ್ಕ್‌ರನ್ ನೋಡ್ರಿ. 2004ರ ಅಕ್ಟೋಬರ್ 2ಕ್ಕ ಲಂಡನ್ನಿನ ಬುಶಿ ಪಾರ್ಕಿನ್ಯಾಗ ಪಾಲ್ ಸಿಂಟನ್-ಹೆವಿಟ್ ಶುರು ಮಾಡಿದಾಗ ಓಡಿದವ್ರು 13 ಮಂದಿ ಅಷ್ಟ. ಗಾಯ ಆಗಿ ಅವರಿಗೇ ಓಡಾಕ ಆಗ್ತಿರಲಿಲ್ಲ, ಗೆಳೆಯಾರನ್ನ ಓಡಿಸಿ ಟೈಮ್ ಬರಕೊಂಡ್ರು. ಇವತ್ತಿಗೂ ಶನಿವಾರ 5 ಕಿ.ಮೀ., ಫೀ ಇಲ್ಲ, ಕೆಲಸ ಎಲ್ಲಾ ಸ್ವಯಂಸೇವಕರದ. ನಡದ್ರೂ ನಡೀತೈತಿ. ಎಲ್ಲಾರಕಿಂತ ಹಿಂದ ಬರಾಕಂತನ ಟೇಲ್ ವಾಕರ್ ಅಂತ ಒಬ್ರು ಇರ್ತಾರ, ಹಂಗಾಗಿ ಬಂದವ್ರು ಯಾರೂ ಕಡೇದವ್ರು ಆಗೂದ ಇಲ್ಲ. ನನಗ ಭಾಳ ಹಿಡಿಸಿದ್ದು ಇದ.

ತೋಳನಕೆರಿಗೆ, ಉಣಕಲ್ ಕೆರಿ ದಂಡಿಗೆ ಸೀರಿ ಮ್ಯಾಲ ಬೂಟು ಹಾಕ್ಕೊಂಡು ನಡಿಯೋ ಅಕ್ಕಾರು, ಅವ್ವಾರು ಈಗಾಗ್ಲೆ ಬರ್ತಾರ. ಅವರನ್ನ ಬಿಟ್ಟು ಬರೇ ಕಾಲೇಜ್ ಹುಡುಗೂರ ರೇಸ್ ಮಾಡಿದ್ರ ಏನು ಉಪಯೋಗ? ಧಾರವಾಡದಾಗ ಕರ್ನಾಟಕ ಕಾಲೇಜ್ ಆವರಣದಾಗ ಗಿಡದ ನೆರಳೂ ಐತಿ, ಪರ್ಮಿಷನ್ ಕೇಳಿ ನೋಡಬೇಕು. ಮಳಿಗಾಲದಾಗ ರಾಡಿ ಆಗೂದು ಬ್ಯಾರೆ ಮಾತು. ಸ್ಟಾಪ್‌ವಾಚ್ ಹಿಡಿಯಾಕ ರಿಟೈರ್ ಆದ ಪಿ.ಟಿ. ಮಾಸ್ತರು ಒಬ್ರು ಸಾಕು. ಆಮ್ಯಾಲಿನ ಗಿರ್ಮಿಟ್ಟು, ಮಿರ್ಚಿ ಅವರವರ ಖರ್ಚು.