ಹೇಗೂ ಮೇಲಿದ್ದೀರಲ್ಲ

ಮಾತಾಗಿದ್ದು ಒಂದು ಕೊಂಬೆಗೆ. ನಿನ್ನೆ ಸಂಜೆ ನಾನು ಮರದಿಂದ ಇಳಿದಾಗ ಅಂಗಳದಲ್ಲಿ ಬಿದ್ದಿದ್ದವು ಒಂಬತ್ತು. ದುಡ್ಡು ಮಾತ್ರ ಒಂದರದ್ದೇ.

ಮರ ಸವರುವ ಕೆಲಸವನ್ನು ಸ್ವಂತಕ್ಕೆ ಶುರು ಮಾಡಿ ಮೂರು ತಿಂಗಳಾಯಿತು. ಬಂಡವಾಳ ಎಂದರೆ ಒಂದು ಚೈನ್‌ಸಾ, ಹಗ್ಗ, ಸೊಂಟಪಟ್ಟಿ, ಹೆಲ್ಮೆಟ್ಟು. ಜೊತೆಗೆ 'ಇದೂ ಎಷ್ಟು ದಿನವೋ' ಎಂಬ ಮನೆಯವರ ನೋಟ. ಕೂತ ಕೊಂಬೆಯನ್ನೇ ಕಡಿದವನ ಕಥೆಯನ್ನು ಮೊದಲ ವಾರದಲ್ಲೇ ಹನ್ನೊಂದು ಜನ ಹೇಳಿದರು. ಪ್ರತಿಯೊಬ್ಬರೂ, ಅದು ತಮಗೇ ಆಗಷ್ಟೇ ಹೊಳೆದ ಹಾಗೆ.

ಯಂತ್ರದ್ದು ಇನ್ನೊಂದು ರಗಳೆ. ನನ್ನದಕ್ಕೆ ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಸ್ಟ್ರೋಕ್ ಆಯಿಲ್, ಮಗುವಿಗೆ ಔಷಧಿ ಅಳೆದಂತೆ ಅಳೆದು ಹಾಕಬೇಕು. ಮನೆಯಲ್ಲಿ ಒಂದೇ ಎಳೆತಕ್ಕೆ ಗುಡುಗುವ ಗರಗಸ ಗಿರಾಕಿಯ ಮುಂದೆ ಮೌನವ್ರತ ಹಿಡಿಯುತ್ತದೆ.

ಇರಲಿ, ನಿನ್ನೆಯ ಯಜಮಾನರಿಗೆ ಬರುತ್ತೇನೆ. ಕೈ ಬೆನ್ನಿಗೆ ಕಟ್ಟಿ, ಸರಿಯಾಗಿ ನಾನು ಕೊಯ್ಯುವ ಕೊಂಬೆಯ ಕೆಳಗೇ ನಿಂತರು. ಆಚೆ ನಿಲ್ಲಿ ಸಾರ್ ಎಂದರೆ ಒಂದು ಹೆಜ್ಜೆ ಸರಿದರು. ಕೊಂಬೆಯೋ ಮೂರಾಳುದ್ದ!

"ಆ ಕೊಂಬೆ."

"ಯಾವುದು?"

"ಅದೇ, ಎಡಗಡೇದು."

ನಾನು ಎಡಕ್ಕೆ ಕೈ ಚಾಚಿದೆ.

"ನಿಮ್ಮ ಎಡ ಅಲ್ಲ ಕಣ್ರೀ, ಮರದ ಎಡ!"

ಮರಕ್ಕೆ ಮುಖ ಯಾವ ಕಡೆ ಎಂದು ಹುಡುಕುವುದರಲ್ಲೇ ಹತ್ತು ನಿಮಿಷ ಹೋಯಿತು.

ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಮೊದಲು ಅಡಿಯಿಂದ ಸ್ವಲ್ಪ, ಆಮೇಲೆ ಇನ್ನಷ್ಟು ಆಚೆ ಮೇಲಿನಿಂದ, ಭಾರ ಕಳಚಿದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ. ಇಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಉಬ್ಬನ್ನು ಬಿಡುವುದು ಗಾಯ ಮುಚ್ಚಿಕೊಳ್ಳಲಿ ಅಂತ. ಇದನ್ನೆಲ್ಲ ಮರದ ಮೇಲಿಂದ ಕೂಗಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ಅವರೆಂದರು, "ಓಹೋ. ಒಂದೇ ಸಲಕ್ಕೆ ನಿಮಗೆ ಬರಲ್ವಾ?"

ಅಷ್ಟಾದ ಮೇಲೆ ಶುರುವಾಯಿತು ಮಂತ್ರ: "ಹೇಗೂ ಮೇಲಿದ್ದೀರಲ್ಲ, ಅದೊಂದನ್ನೂ ತೆಗೆದುಬಿಡಿ." ಹತ್ತುವುದಷ್ಟೇ ಕೆಲಸ, ಕೊಯ್ಯುವುದು ಪುಕ್ಕಟೆ ಎಂಬ ಲೆಕ್ಕ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಹೇಗೂ ಬಾಯಿ ತೆರೆದಿದೆಯಲ್ಲ, ಪಕ್ಕದ್ದನ್ನೂ ಕಿತ್ತುಬಿಡಿ ಅನ್ನುತ್ತಾರೆಯೇ ಇವರು? ಬೇಡ ಅನ್ನಲು ಬಾಯಿ ಬರಲಿಲ್ಲ, ಹೊಸ ಧಂದೆ ನೋಡಿ. ಹೀಗೆ ಎಂಟಾಯಿತು.

ಒಂಬತ್ತನೆಯದರ ಮೇಲೆ ಕಾಲಿಟ್ಟಾಗ ತೊಗಟೆಯೊಳಗೆ ಏನೋ ಕಂಡಿತು. ಹಗ್ಗ. ಒಂದು ಮೊಳದ ಅಂತರದಲ್ಲಿ ಎರಡು ಸುತ್ತು. ಮರ ಅದರ ಮೇಲೆ ಬೆಳೆದು ನುಂಗಿಹಾಕಿತ್ತು, ನಾಲ್ಕು ನಾರಿನ ಎಳೆ ಮಾತ್ರ ಹೊರಗೆ. ಜೋಕಾಲಿಯದ್ದಿರಬೇಕು. ಯಂತ್ರ ನಿಲ್ಲಿಸಿ ಕೂಗಿ ಹೇಳಿದೆ.

ಅವತ್ತು ಮೊದಲ ಬಾರಿಗೆ ಅವರು ತಕ್ಷಣ ಮಾತಾಡಲಿಲ್ಲ.

"ಇನ್ನೂ ಇದೆಯಾ ಅದು," ಎಂದರು. ಕಟ್ಟಿದ್ದ ಕೈ ಬಿಚ್ಚಿ ಹಣೆಗೆ ಅಡ್ಡ ಹಿಡಿದು ನೋಡಿದರು. "ಅದೊಂದು ಇರಲಿ ಬಿಡಿ."

ನಾನೂ ಅದರ ಮೇಲೆ ಸುಮ್ಮನೆ ಕೂತೆ. ಎಲೆ ಅಲ್ಲಾಡುವ ಸದ್ದು ಈ ಮೂರು ತಿಂಗಳಲ್ಲಿ ನನಗೆ ಕೇಳಿಸಿದ್ದು ಆಗಲೇ ಇರಬೇಕು.

ಮೆಲ್ಲಗೆ ಗರಗಸವನ್ನು ಸೊಂಟಕ್ಕೆ ಸಿಕ್ಕಿಸಿ ಇಳಿಯತೊಡಗಿದೆ. ಅರ್ಧ ಇಳಿದಿದ್ದೆ.

"ಹೇಗೂ ಇನ್ನೂ ಪೂರ್ತಿ ಇಳಿದಿಲ್ಲವಲ್ಲ..."