ಮಕ್ಕಳ ಆಟಿಕೆಗಳನ್ನು ಟ್ರಂಕಿಗೆ ತುಂಬಿ ಮುಚ್ಚಬೇಡಿ

ಹೋದ ವರ್ಷ ಜುಲೈ ತಿಂಗಳಲ್ಲಿ, ಕರೆಂಟ್ ಹೋಗಿ ಮೂರನೆಯ ರಾತ್ರಿ, ನೀರು ಕುಡಿಯಲೆಂದು ಎದ್ದ ನಮ್ಮ ಮಾವ ನಡುಮನೆಯಲ್ಲಿ ಬಿದ್ದಿದ್ದ ಪುಟ್ಟ ಲಾರಿಯ ಮೇಲೆ ಕಾಲಿಟ್ಟು ಜಾರಿಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಬಲ ಮಣಿಕಟ್ಟು ಊದಿಕೊಂಡು ಮೂರು ವಾರ ಪಟ್ಟಿ ಕಟ್ಟಿಕೊಂಡೇ ಇರಬೇಕಾಯಿತು. ಎಪ್ಪತ್ತಾರು ವರ್ಷದ ಜೀವ. ಬೆಳಿಗ್ಗೆ ಎದ್ದವರೇ ನಾನೂ ಓರಗಿತ್ತಿಯೂ ಮಾತಿಲ್ಲದೆ ಕೆಲಸಕ್ಕೆ ಇಳಿದೆವು. ನನ್ನ ಮಗನದು, ಅವಳ ಮಗಳದು ಎಂದು ನೋಡದೆ ಕಂಡ ಆಟಿಕೆಯನ್ನೆಲ್ಲ ಬಾಚಿ, ಮಾವ ಸೈನ್ಯದಲ್ಲಿದ್ದಾಗಿನ ಕಪ್ಪು ಕಬ್ಬಿಣದ ಟ್ರಂಕಿಗೆ ತುಂಬಿ ಮುಚ್ಚಳ ಹಾಕಿದೆವು. ನಡುಮನೆ ಖಾಲಿಯಾಯಿತು. ಅತ್ತೆ ನಿಟ್ಟುಸಿರು ಬಿಟ್ಟರು.

ಆ ಟ್ರಂಕನ್ನು ಪೂರ್ತಿಯಾಗಿ ಬರಿದುಮಾಡಿದ್ದು ಸೆಪ್ಟೆಂಬರಿನಲ್ಲಿ, ಕೈಲ್‌ಪೋಳ್ದ್ ಹಬ್ಬಕ್ಕೆ ಮನೆ ತೊಳೆಯುವಾಗ. ಮುಚ್ಚಳ ಎತ್ತಿದ ಕೂಡಲೇ ಬಂದ ವಾಸನೆ ಕೊಡಗಿನಲ್ಲಿ ಮಳೆಗಾಲ ಕಳೆದ ಯಾರಿಗೂ ಹೊಸದಲ್ಲ. ಬಟ್ಟೆಯ ಆನೆಯ ಹೊಟ್ಟೆಯ ತುಂಬ ಕಪ್ಪು ಚುಕ್ಕೆ. ಚಿತ್ರದ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಮರದ ಬುಗುರಿಗೆ ಬಿಳಿ ಬೂಷ್ಟು. ಮಡಿಕೇರಿ ದಸರಾದಲ್ಲಿ ಕೊಂಡಿದ್ದ ರೈಲಿನೊಳಗೆ ಬ್ಯಾಟರಿ ಒಸರಿ ತಂತಿಗಳು ಹಸಿರುಗಟ್ಟಿದ್ದವು. ಆರು ವರ್ಷದ ಹುಡುಗಿ ಆನೆಯನ್ನು ಎತ್ತಿಕೊಂಡು ಮೂಸಿ, ಏನೂ ಹೇಳದೆ ಕೆಳಗಿಟ್ಟಳು. ಅವಳ ಆ ಮುಖ ನನಗೆ ಈಗಲೂ ಮರೆತಿಲ್ಲ.

ಆ ಎರಡು ತಿಂಗಳು ಮಕ್ಕಳು ಇದ್ದದ್ದಾದರೂ ಎಲ್ಲಿ? ಮನೆಯಲ್ಲೇ. ಮಳೆ ಜೋರಾದರೆ ಜಿಲ್ಲಾಡಳಿತ ಶಾಲೆಗೂ ಅಂಗನವಾಡಿಗೂ ರಜೆ ಕೊಡುತ್ತದೆ. ಅಂಗಳಕ್ಕೆ ಇಳಿಯುವಂತಿಲ್ಲ, ತೋಟಕ್ಕೆ ಇಳಿದರೆ ಜಿಗಣೆ, ಕರೆಂಟಿಲ್ಲದೆ ಟಿವಿಯೂ ಇಲ್ಲ. ಮಕ್ಕಳಿಗೆ ಆಟಿಕೆ ಬೇಕೇ ಬೇಕಾದ ಕಾಲದಲ್ಲಿ ನಾವು ಅದನ್ನು ಮುಚ್ಚಿಟ್ಟಿದ್ದೆವು. ಟ್ರಂಕಿನ ಮುಚ್ಚಳ ಎರಡೂವರೆ ವರ್ಷದ ಕೈಗೆ ಏಳುವಂಥದ್ದಲ್ಲ, ಎದ್ದರೂ ಬೆರಳ ಮೇಲೆ ಬೀಳುವಂಥದ್ದು. ಮಗ ಮೊದಮೊದಲು ಅದರ ಮುಂದೆ ನಿಂತು ಅಳುತ್ತಿದ್ದ. ಆಮೇಲೆ ಕೇಳುವುದನ್ನೇ ಬಿಟ್ಟು ಮೊಬೈಲಿಗೆ ಕೈಚಾಚಲು ಕಲಿತ. ಇದರಲ್ಲಿ ತಪ್ಪು ಮಗುವಿನದಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಆಟಿಕೆ ಜೋಡಿಸುವ ಬಗ್ಗೆ ಮೊಬೈಲಿನಲ್ಲಿ ಕಾಣುವ ಚಿತ್ರಗಳೆಲ್ಲ ಒಣ ಊರಿನ ಮನೆಗಳವು. ಮುಚ್ಚಳದ ಡಬ್ಬಿಗಳ ಸಾಲು, ಸೋಫಾದ ಹೊಟ್ಟೆಯೊಳಗೆ ಗುಟ್ಟಿನ ಪೆಟ್ಟಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಡೆ ಇವು ನಡೆಯುವುದಿಲ್ಲ. ದಿನವೂ ಮುಟ್ಟುವ ಆಟಿಕೆಗೆ ಗಾಳಿ ಆಡಬೇಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಕಾಳುಮೆಣಸನ್ನು ಒಣಗಿಸುವಂತೆ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಬಿಗಿ ಡಬ್ಬಿಗೆ ಹಾಕಬೇಕು. ಟ್ರಂಕ್ ಎರಡಕ್ಕೂ ಸಲ್ಲದು. ಮುಚ್ಚಳದ ಸಂದಿನಲ್ಲಿ ತೇವ ಒಳಗೆ ಹೋಗುತ್ತದೆ, ತಣ್ಣನೆಯ ತಗಡಿನ ಮೇಲೆ ನೀರಾಗಿ ಅಲ್ಲೇ ನಿಲ್ಲುತ್ತದೆ.

ಹಬ್ಬ ಮುಗಿದ ಮೇಲೆ ಬಡಗಿಯನ್ನು ಕರೆಸಿ ಒಂದು ತೆರೆದ ಕಪಾಟು ಮಾಡಿಸಿದೆವು. ಹಲಗೆ ನಮ್ಮದೇ ತೋಟದ ಸಿಲ್ವರ್ ಓಕ್. ಎರಡು ಅಂತಸ್ತು, ಎತ್ತರ ಎರಡೂವರೆ ಅಡಿ. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳಿನಷ್ಟು ಸಂದು ಬಿಡಿಸಿದ್ದೇನೆ, ಕೆಳಗೆ ಕಾಲು ಕೊಡಿಸಿ ನೆಲದಿಂದಲೂ ಎತ್ತಿಸಿದ್ದೇನೆ. ಹಾಗೆಂದು ಅದನ್ನು ಸುಮ್ಮನೆ ನಿಲ್ಲಿಸಿಲ್ಲ. ಸಂದಿನಲ್ಲಿ ಮರದ ತುಂಡು ಕೊಟ್ಟು ಗೋಡೆಗೆ ಸ್ಕ್ರೂ ಹಾಕಿಸಿದ್ದೇನೆ. ಮಕ್ಕಳು ಕಪಾಟನ್ನು ಏಣಿ ಎಂದುಕೊಂಡು ಹತ್ತುತ್ತಾರೆ, ಹತ್ತಿದಾಗ ಅದು ಮಗುವಿನ ಮೇಲೆಯೇ ಮಗುಚುತ್ತದೆ. ಇದೊಂದನ್ನು ಯಾರೂ ಉದಾಸೀನ ಮಾಡಬಾರದು. ಚಿಕ್ಕಪುಟ್ಟ ಸಾಮಾನಿಗೆ ಸಂತೆಯಿಂದ ತಂದ ಬಿದಿರಿನ ಬುಟ್ಟಿಗಳಿವೆ. ಹೊಸ ಬುಟ್ಟಿಯನ್ನು ಕೆಲವು ದಿನ ಒಲೆಯ ಮೇಲೆ ಹೊಗೆಗೆ ನೇತುಹಾಕಿದರೆ ಹುಳ ಹಿಡಿಯುವುದು ಕಡಿಮೆ. ಇದು ಅತ್ತೆ ಹೇಳಿಕೊಟ್ಟದ್ದು.

ಕಪಾಟಿನ ಮೇಲೆ ಒಮ್ಮೆಗೆ ಎಂಟು ಆಟಿಕೆಗಿಂತ ಹೆಚ್ಚು ಇಡುವುದಿಲ್ಲ. 2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳ ಆಟವನ್ನು ಗಮನಿಸಿ ಪ್ರಕಟಿಸಿದ್ದರು. ಒಮ್ಮೆ ನಾಲ್ಕು ಆಟಿಕೆ ಕೊಟ್ಟು, ಇನ್ನೊಮ್ಮೆ ಹದಿನಾರು ಕೊಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಬಗೆಬಗೆಯಾಗಿ ಆಡಿದರಂತೆ. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಮೊದಲು ಬುಟ್ಟಿ ಬೋರಲು ಹಾಕಿ ಐದು ನಿಮಿಷಕ್ಕೆ ಎದ್ದುಹೋಗುತ್ತಿದ್ದ ಮಗ ಈಗ ಒಂದು ಲಾರಿಗೆ ಕಾಫಿ ಬೀಜ ತುಂಬಿದಂತೆ, ಕಣಕ್ಕೆ ಸುರಿದಂತೆ ಮಾಡುತ್ತ ಅರ್ಧ ಗಂಟೆ ಕೂರುತ್ತಾನೆ. ಉಳಿದ ಆಟಿಕೆಗಳು ಬಿಸಿಲು ಕಂಡು ಬಿಗಿ ಡಬ್ಬಿಯಲ್ಲಿವೆ. ಮೂರು ವಾರಕ್ಕೊಮ್ಮೆ ಅದಲುಬದಲು.

ಬ್ಲಾಕ್‌ಗಳದೇ ದೊಡ್ಡ ತಲೆನೋವಾಗಿತ್ತು. ಅದಕ್ಕೆ ದಾರಿ ತೋಟದಲ್ಲೇ ಸಿಕ್ಕಿತು. ಕಾಫಿ ಕುಯ್ಯುವಾಗ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ, ಕೊನೆಗೆ ನಾಲ್ಕು ಮೂಲೆ ಎತ್ತಿ ಹಣ್ಣನ್ನೆಲ್ಲ ನಡುವಿಗೆ ತರುತ್ತೇವಲ್ಲ, ಹಾಗೆಯೇ ಒಂದು ಹಳೆಯ ಪಂಚೆ ಹಾಸಿ ಅದರ ಮೇಲೆ ಬ್ಲಾಕ್ ಸುರಿಯುತ್ತೇನೆ. ಆಟ ಮುಗಿದ ಮೇಲೆ ಮಕ್ಕಳಿಬ್ಬರೂ ಎರಡೆರಡು ಮೂಲೆ ಹಿಡಿದು ಎತ್ತಿ ಬುಟ್ಟಿಗೆ ಸುರಿಯುತ್ತಾರೆ. ಪಂಚೆಯಿಂದ ಆಚೆಗೆ, ಮಾವನ ಕೋಣೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ, ಒಂದೂ ಆಟಿಕೆ ಇರಕೂಡದು. ದೀಪ ಹಚ್ಚುವ ಹೊತ್ತಿಗೆ ಆ ದಾರಿಯನ್ನು ನಾನೇ ಒಮ್ಮೆ ನೋಡುತ್ತೇನೆ.

ಇನ್ನು ನುಸಿಗುಳಿಗೆಯ ಮಾತು. ಮಳೆಗಾಲ ಬಂತೆಂದರೆ ಬಟ್ಟೆಯ ಪೆಟ್ಟಿಗೆಗೆ ಹಾಕುವಂತೆ ಆಟಿಕೆಯ ಪೆಟ್ಟಿಗೆಗೂ ನಾಲ್ಕು ಗುಳಿಗೆ ಎಸೆಯುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕೈಮುಗಿದು ಕೇಳುತ್ತೇನೆ, ಹಾಕಬೇಡಿ. ಪೆಪ್ಪರ್‌ಮೆಂಟಿನ ಹಾಗೆ ಬಿಳಿಯಾಗಿ ಕಾಣುವ ಅದನ್ನು ಮಗು ಬಾಯಿಗೆ ಹಾಕಿಕೊಂಡರೆ ಅದರಲ್ಲಿರುವ ನ್ಯಾಫ್ತಲೀನ್ ಎಂಬ ರಾಸಾಯನಿಕ ರಕ್ತದ ಕೆಂಪು ಕಣಗಳನ್ನೇ ಒಡೆಯಬಲ್ಲದು. ಗುಂಡಿಯಂತಹ ಚಪ್ಪಟೆ ಬ್ಯಾಟರಿಗಳೂ ಅಷ್ಟೇ ಅಪಾಯ. ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲವು. ಒಳಗಿನ ತೋಟದ ಮನೆಯಿಂದ ಮಡಿಕೇರಿಯ ಆಸ್ಪತ್ರೆಗೆ, ಅದೂ ಮಳೆಯಲ್ಲಿ, ಎಷ್ಟು ಹೊತ್ತಾಗುತ್ತದೆ ಎಂದು ನಿಮಗೇ ಗೊತ್ತು. ಬ್ಯಾಟರಿಯ ಬಾಗಿಲಿಗೆ ಸ್ಕ್ರೂ ಇಲ್ಲದ ಆಟಿಕೆಗಳನ್ನೆಲ್ಲ ನಾನು ಮನೆಯಿಂದಲೇ ಆಚೆ ಹಾಕಿದೆ. ಕೊಟ್ಟ ನೆಂಟರಿಗೆ ಬೇಸರವಾಯಿತು, ಆಗಲಿ.

ಎಲ್ಲರೂ ಕೂರುವ ಕೋಣೆಯಾದ್ದರಿಂದ ದೊಡ್ಡವರ ಸಾಮಾನಿಗೂ ಇದೇ ಕಟ್ಟುನಿಟ್ಟು. ಮಾವನ ಶ್ರವಣಯಂತ್ರದ ಬ್ಯಾಟರಿ, ಅತ್ತೆಯ ಮಾತ್ರೆ, ಅಡಕತ್ತರಿ, ಎಲ್ಲವೂ ಮೇಲಿನ ಗೂಡು ಸೇರಿದವು. ಚೆನ್ನೆಮಣೆಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಮಳೆಗಾಲದ ಮಧ್ಯಾಹ್ನ ಅಜ್ಜಿ ಮೊಮ್ಮಗಳು ಎದುರುಬದುರು ಕೂತು ಆಡುವ ಆಟ ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಒಂದೊಂದು ಕಾಯಿಯೂ ಚಿಕ್ಕವನ ಮೂಗಿಗೋ ಗಂಟಲಿಗೋ ಹೇಳಿಮಾಡಿಸಿದ ಗಾತ್ರ. ಕೊನೆಗೆ ಅವನು ಮಲಗಿದ ಮೇಲೆ ಆಡುವುದು, ಎತ್ತಿಡುವಾಗ ಕಾಯಿಗಳನ್ನು ಎಣಿಸುವುದು ಎಂದಾಯಿತು. ಹುಡುಗಿಗೆ ಐವತ್ತಾರರವರೆಗೆ ಎಣಿಕೆ ಬಂದದ್ದು ಹೀಗೆಯೇ.

ಅತ್ತೆಯ ತಕರಾರು ಮಾತ್ರ ಕಪಾಟು ಬಂದ ಮೇಲೂ ಉಳಿದಿತ್ತು. "ನಡುಮನೆಯೆಂದರೆ ಹಿರಿಯರ ದೀಪ ಇಡುವ ಜಾಗ. ಬಂದವರು ಏನೆಂದುಕೊಳ್ಳುತ್ತಾರಮ್ಮ? ಹಿಂದಿನ ಕೋಣೆ ಖಾಲಿಯಿದೆ, ಅಲ್ಲಿಡಬಾರದೇ?" ಎಂದು ಕೇಳಿದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ದೀಪದ ಗೋಡೆಯನ್ನು ಬಿಟ್ಟು ಎದುರಿನ ಕಿಟಕಿಯ ಕೆಳಗೆ ಕಪಾಟು ಇಟ್ಟೆವು. ಆದರೆ ಹಿಂದಿನ ಕೋಣೆಗೆ ನಾನು ಒಪ್ಪಲಿಲ್ಲ. ಆಟಿಕೆಯನ್ನು ಅಲ್ಲಿ ಇಡಬಹುದು, ಮಕ್ಕಳನ್ನು ಇಡಲಾಗುವುದಿಲ್ಲ. "ಅತ್ತೆ, ಅವರಿಗೆ ಬೇಕಾಗಿರುವುದು ನಿಮ್ಮ ಮಗ್ಗುಲು. ಎಲ್ಲಿಟ್ಟರೂ ಹೊತ್ತುಕೊಂಡು ಇಲ್ಲಿಗೇ ಬರುತ್ತಾರೆ" ಎಂದೆ. ಅವರು ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು ತಾವೇ ಕಿಟಕಿಯ ಕೆಳಗೆ ಒಂದು ಚಾಪೆ ಹಾಸಿದ್ದರು.

ಮಾವನದು ಇನ್ನೊಂದು ರೀತಿ. ಸೈನ್ಯದಲ್ಲಿ ಅವರು ವರ್ಕ್‌ಶಾಪಿನಲ್ಲಿದ್ದವರು. ಅಲ್ಲಿ ಸ್ಪ್ಯಾನರ್, ಸುತ್ತಿಗೆಗಳನ್ನು ನೇತುಹಾಕುವ ಹಲಗೆಯ ಮೇಲೆ ಆಯಾ ಉಪಕರಣದ ಆಕಾರವನ್ನೇ ಬಣ್ಣದಲ್ಲಿ ಬರೆದಿರುತ್ತಿದ್ದರಂತೆ, ಯಾವುದು ಮರಳಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯಲೆಂದು. ಕೈ ವಾಸಿಯಾದ ಮೇಲೆ ಕಪಾಟಿನ ಮುಂದೆ ಕೂತು, ಒಂದೊಂದು ಆಟಿಕೆಯನ್ನೂ ಹಲಗೆಯ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ನೀಲಿ ಬಣ್ಣ ತುಂಬಿದರು. ಲಾರಿಗೆ ಲಾರಿಯ ನೆರಳು, ಬುಗುರಿಗೆ ಬುಗುರಿಯ ನೆರಳು. ಅದಲುಬದಲು ಮಾಡುವಾಗ ಇಡಲೆಂದು ರಟ್ಟಿನ ಮೇಲೂ ಹಲವನ್ನು ಬರೆದಿಟ್ಟಿದ್ದಾರೆ. ಓದಲು ಬಾರದ ಮಗನಿಗೂ ಈಗ ಯಾವುದು ಎಲ್ಲಿ ಎಂದು ಯಾರೂ ಹೇಳಬೇಕಿಲ್ಲ.

ಈ ವರ್ಷದ ಮಳೆ ಹಿಡಿದಿದೆ. ವಾರಕ್ಕೊಮ್ಮೆ ಮರದ ಆಟಿಕೆಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತೇನೆ. ಚನ್ನಪಟ್ಟಣದವನ್ನು ನೀರಿಗೂ ಹಾಕುವುದಿಲ್ಲ, ಒಲೆಯ ಹತ್ತಿರಕ್ಕೂ ಒಯ್ಯುವುದಿಲ್ಲ, ಶಾಖಕ್ಕೆ ಅರಗು ಮೆತ್ತಗಾಗುತ್ತದೆ. ಬಟ್ಟೆಯ ಆನೆಯನ್ನು ಬೂಷ್ಟು ಹೋಗಲೆಂದು ಬಿಚ್ಚಿ, ಹೊಸ ಹತ್ತಿ ತುಂಬಿ ಹೊಲಿದಿದ್ದೆ. ನಿನ್ನೆ ಅದರ ಮೇಲೆ ಕಾಫಿ ಚೆಲ್ಲಿ, ತೊಳೆದು ಬಚ್ಚಲುಮನೆಯ ಹಂಡೆ ಒಲೆಯ ಮೇಲಿನ ಹಗ್ಗಕ್ಕೆ ಕಟ್ಟಿದ್ದೇನೆ. ಕಪಾಟಿನಲ್ಲಿ ಆನೆಯ ನೀಲಿ ನೆರಳು ಖಾಲಿಯಾಗಿದೆ. ಮಗ ಬೆಳಿಗ್ಗೆಯಿಂದ ಮೂರು ಸಲ ಬಚ್ಚಲುಮನೆಗೆ ಹೋಗಿ, ಕತ್ತೆತ್ತಿ ಅದನ್ನು ನೋಡಿ ಬಂದಿದ್ದಾನೆ.