ಕೊಳಗದ ಜಗಳ ಶುರು ಮಾಡಿದವರು ಗೇಣಿದಾರರು
ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವನ್ನು ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರೇ ಹುಟ್ಟುಹಾಕಿದರು ಎಂಬ, ಗೌಡರ ಕುರಿತ ಲೇಖನದ ಮಾತನ್ನು ನಾನು ಒಪ್ಪಲಾರೆ. 1951ರಲ್ಲಿ ಸಮಾಜವಾದಿಗಳು ಬೆನ್ನಿಗೆ ನಿಲ್ಲುವ ಮೊದಲೇ ರೈತ ಮುಖಂಡ ಗಣಪತಿಯಪ್ಪನವರು ಅಲ್ಲಿನ ಗೇಣಿದಾರರನ್ನು ಸಂಘಟಿಸಿದ್ದರು. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ತರುತ್ತಿದ್ದ, ಅಳತೆಗಿಂತ ದೊಡ್ಡದಾದ ಕೊಳಗವೇ ಜಗಳದ ಮೂಲ. ಅಂಥದೊಂದು ಕೊಳಗ, ಅಂಚು ಸವೆದದ್ದು, ನಮ್ಮ ಅಟ್ಟದಲ್ಲಿ ಇಂದಿಗೂ ಇದೆ. ಗೌಡರ ದೊಡ್ಡತನವೆಂದರೆ ಆ ಕೊಳಗದ ಸಂಕಟವನ್ನು 1952ರಲ್ಲಿ ವಿಧಾನಸಭೆಯವರೆಗೆ ಒಯ್ದದ್ದು. 1957ರಲ್ಲಿ ಸೋತರೂ ಅವರು ಪಟ್ಟು ಬಿಡಲಿಲ್ಲ. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದು ಬಂದರು. ಲೇಖನ ಇದಕ್ಕೆ ಒಂದೇ ಸಾಲು ಕೊಟ್ಟಿರುವುದು ಬೇಸರ ತಂದಿತು. 1974ರಲ್ಲಿ ಗೇಣಿ ರದ್ದಾದಾಗ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ನನ್ನ ಅಜ್ಜ ಗೌಡರ ಚಿತ್ರವನ್ನು ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದರು.